ಒಂದೇ ಅಳತೆಯ ಐದು ರೊಬುಸ್ಟೊ: ಕ್ಯೂಬಾದ ಸಿಗಾರ್‌ಗಳಲ್ಲಿ ಯಾವುದು ಯಾರಿಗೆ?

ಕ್ಯೂಬಾದ ಸಿಗಾರ್ ಅಂದ ಕೂಡಲೇ ಹೆಚ್ಚಿನವರ ಬಾಯಿಗೆ ಬರುವುದು ಕೊಹಿಬಾ ಎಂಬ ಒಂದೇ ಹೆಸರು. ಆದರೆ ಹವಾನಾದ ಹಬಾನೋಸ್ ಎಸ್.ಎ. ಸಂಸ್ಥೆ ಮಾರುವ ಬ್ರ್ಯಾಂಡುಗಳೇ 27 ಇವೆ. ದೊಡ್ಡ ಬ್ರ್ಯಾಂಡುಗಳಲ್ಲಿ ಒಂದೊಂದಕ್ಕೂ ಹತ್ತಾರು ಅಳತೆ. ಆರಿಸಲು ಹೊರಟವರು ಒಂದು ಬ್ರ್ಯಾಂಡಿನ ಉದ್ದನೆಯ ಸಿಗಾರನ್ನು ಇನ್ನೊಂದರ ಗಿಡ್ಡ ಸಿಗಾರಿನ ಪಕ್ಕದಲ್ಲಿಟ್ಟು, ಇದು ಖಾರ, ಅದು ಸಪ್ಪೆ ಎಂದು ತೀರ್ಮಾನಿಸಿಬಿಡುತ್ತಾರೆ. ಆ ವ್ಯತ್ಯಾಸ ಎಲೆಯಿಂದ ಬಂತೋ ಅಳತೆಯಿಂದ ಬಂತೋ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಬ್ರ್ಯಾಂಡುಗಳ ನಡುವೆ ಆರಿಸಬೇಕೆಂದರೆ ಮೊದಲು ಅಳತೆಯನ್ನು ಕಟ್ಟಿಹಾಕಬೇಕು. ಉದ್ದವೂ ದಪ್ಪವೂ ಒಂದೇ ಆದಾಗ ಉಳಿಯುವ ವ್ಯತ್ಯಾಸ ಎಲೆಗಳ ಮಿಶ್ರಣದ್ದು, ಅದನ್ನೇ ನಾವು ಹುಡುಕುತ್ತಿರುವುದು.

ಇದಕ್ಕೆ ಹೇಳಿ ಮಾಡಿಸಿದ ಅಳತೆ ರೊಬುಸ್ಟೊ. ಉದ್ದ 124 ಮಿಲಿಮೀಟರ್, ರಿಂಗ್ ಗೇಜ್ 50. ರಿಂಗ್ ಗೇಜ್ ಅಂದರೆ ದಪ್ಪದ ಲೆಕ್ಕ: ಒಂದು ಅಂಗುಲದ 64ನೇ ಒಂದು ಭಾಗ ಒಂದು ಗೇಜ್, ಹಾಗಾಗಿ 50 ಎಂದರೆ 20 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಕಾರ್ಖಾನೆಯ ಒಳಗೆ ಈ ಅಳತೆಗೆ ಒಂದೇ ಹೆಸರು, ರೊಬುಸ್ಟೋಸ್. ಪೆಟ್ಟಿಗೆಯ ಮೇಲೆ ಮಾತ್ರ ಬ್ರ್ಯಾಂಡಿಗೆ ತಕ್ಕ ಹೆಸರು ಬೀಳುತ್ತದೆ. ಪಾರ್ಟಗಾಸ್‌ನಲ್ಲಿ ಅದು ಸೆರಿಯೆ ಡಿ ನಂ. 4, ಓಯೊ ದೆ ಮಾಂಟೆರೇಯಲ್ಲಿ ಎಪಿಕ್ಯೂರ್ ನಂ. 2, ರಮೋನ್ ಅಯೋನೆಸ್‌ನಲ್ಲಿ ಸ್ಪೆಷಲಿ ಸೆಲೆಕ್ಟೆಡ್, ಬೊಲಿವಾರ್‌ನಲ್ಲಿ ರಾಯಲ್ ಕೊರೋನಾಸ್, ಕೊಹಿಬಾದಲ್ಲಿ ಸರಳವಾಗಿ ರೊಬುಸ್ಟೋಸ್. ಐದೂ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಉರಿಯುತ್ತವೆ. ಈ ಐದನ್ನು ಸರಿಯಾಗಿ ತಿಳಿದುಕೊಂಡವರಿಗೆ ಉಳಿದ ಕ್ಯೂಬಾ ತಾನಾಗಿಯೇ ತೆರೆದುಕೊಳ್ಳುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ವ್ಯತ್ಯಾಸ ಎಲ್ಲಿಂದ ಬರುತ್ತದೆ

ಐದಕ್ಕೂ ಬೇಕಾದ ಒಳ್ಳೆಯ ಎಲೆ ಬರುವುದು ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುವೆಲ್ತಾ ಅಬಾಹೊ ಎಂಬ ಸೀಮೆಯಿಂದ. ಅದರಲ್ಲೂ ಸಾನ್ ಲೂಯಿಸ್ ಮತ್ತು ಸಾನ್ ಹುವಾನ್ ಇ ಮಾರ್ತೀನೆಸ್ ಊರುಗಳ ಸುತ್ತಲಿನ ಹೊಲಗಳಿಗೆ ಹೆಸರು ದೊಡ್ಡದು. ಹೊರಹೊದಿಕೆಯ ಎಲೆಯನ್ನು ತೆಳುಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆಯುತ್ತಾರೆ. ಒಳಗೆ ತುಂಬುವ ಎಲೆ ಬಿಸಿಲಲ್ಲೇ ಬೆಳೆಯುತ್ತದೆ. ಒಳ ತುಂಬಲಿನಲ್ಲಿ ಮುಖ್ಯವಾಗಿ ಮೂರು ಬಗೆ. ಗಿಡದ ಬುಡದ ಕಡೆಯ ವೊಲಾಡೊ ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನ ಸೆಕೊ ಪರಿಮಳಕ್ಕೆ. ತಲೆಯ ಕಡೆಯ ಲಿಹೆರೊ ಬಿಸಿಲನ್ನು ಹೆಚ್ಚು ಉಂಡ ಎಲೆ: ದಪ್ಪ, ಎಣ್ಣೆಯ ಪಸೆ, ನಿಧಾನವಾದ ಉರಿ, ಖಾರ. ಲಿಹೆರೊವನ್ನು ಸುರುಳಿಯ ನಟ್ಟನಡುವೆ ಇಡುತ್ತಾರೆ, ಇಲ್ಲವಾದರೆ ಸಿಗಾರು ಒಂದು ಬದಿಗೆ ವಾಲಿಕೊಂಡು ಉರಿಯುತ್ತದೆ. ಕೆಲವು ಗಿಡಗಳ ತುತ್ತತುದಿಯಲ್ಲಿ ಮೂಡುವ ಮೆದಿಯೊ ತಿಯೆಂಪೊ ಎಂಬ ನಾಲ್ಕನೆಯ ಬಗೆಯೂ ಇದೆ. ಅದು ಅಪರೂಪ, 2010ರಲ್ಲಿ ಬಂದ ಕೊಹಿಬಾ ಬೆಹೀಕೆಗೆ ಹೆಸರು ತಂದುಕೊಟ್ಟದ್ದು ಆ ಎಲೆಯೇ.

ಈ ಎಲೆಗಳು ಎಷ್ಟೆಷ್ಟು ಸೇರಬೇಕೆಂಬ ಲೆಕ್ಕಕ್ಕೆ ಅಲ್ಲಿನವರು ಲಿಗಾದಾ ಅನ್ನುತ್ತಾರೆ. ಬ್ರ್ಯಾಂಡು ಅಂದರೆ ಮೂಲತಃ ಈ ಲಿಗಾದಾ. ಒಂದೇ ಕಾರ್ಖಾನೆಯಲ್ಲಿ ಹಲವು ಬ್ರ್ಯಾಂಡುಗಳ ಸಿಗಾರು ತಯಾರಾಗುತ್ತದೆ, ಒಬ್ಬರೇ ತೊರ್ಸೆದೋರ್, ಅಂದರೆ ಸುತ್ತುವ ಕುಶಲಕರ್ಮಿ, ಬೇರೆ ಬೇರೆ ಬ್ರ್ಯಾಂಡು ಸುತ್ತಬಲ್ಲರು. ಆದ್ದರಿಂದ ಯಾವ ಬ್ರ್ಯಾಂಡು ‘ಮೇಲು’ ಎಂಬ ಪ್ರಶ್ನೆಗಿಂತ ಯಾವ ಮಿಶ್ರಣ ನಿಮ್ಮ ನಾಲಿಗೆಗೆ ಒಗ್ಗುತ್ತದೆ ಎಂಬ ಪ್ರಶ್ನೆಯೇ ಉಪಯೋಗಕ್ಕೆ ಬರುವುದು.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಖಾರ ಬೇರೆ, ರುಚಿಯ ತುಂಬುತನ ಬೇರೆ. ಖಾರ ಎಂದರೆ ನಿಕೋಟಿನ್ ಮೈಗೆ ಏರುವ ಬಗೆ: ತಲೆ ಹಗುರಾಗುವುದು, ಹೊಟ್ಟೆ ತೊಳಸುವುದು, ಬೆವರುವುದು. ತುಂಬುತನ ಎಂದರೆ ಬಾಯಿಯಲ್ಲಿ ಹೊಗೆ ಎಷ್ಟು ದಟ್ಟವಾಗಿ, ಎಷ್ಟು ಬಗೆಯಾಗಿ ನಿಲ್ಲುತ್ತದೆ ಎಂಬುದು. ಖಾರ ಕಡಿಮೆಯಿದ್ದೂ ರುಚಿ ತುಂಬಿದ ಸಿಗಾರುಗಳುಂಟು. ಮೊದಲ ಸಲ ಆರಿಸುವವರು ‘ಸ್ಟ್ರಾಂಗ್ ಆದದ್ದೇ ಒಳ್ಳೆಯದು’ ಎಂಬ ಮಾತನ್ನು ನಂಬಿ ಬೊಲಿವಾರ್ ಹಿಡಿದು, ಅರ್ಧಕ್ಕೇ ಸುಸ್ತಾಗಿ, ಕ್ಯೂಬಾದ ಸಿಗಾರೇ ಬೇಡ ಎಂದುಬಿಡುತ್ತಾರೆ. ಅದು ಅವರಿಗೂ ಅನ್ಯಾಯ, ಬೊಲಿವಾರಿಗೂ ಅನ್ಯಾಯ.

ಆರೋಗ್ಯದ ಮಾತನ್ನು ಮುಚ್ಚಿಟ್ಟು ಸಿಗಾರಿನ ಬಗ್ಗೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಸಿಗಾರಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಿಯಲ್ಲೇ ಸವಿದು ಬಿಡುತ್ತಾರೆ ಎಂಬುದು ನಿಜ. ಹಾಗೆಂದು ಅಪಾಯ ತಪ್ಪುವುದಿಲ್ಲ. ಈ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೂ ಸಿಗಾರಿಗೂ ನಂಟು ಇರುವುದು ಸಾಬೀತಾದ ಸಂಗತಿ. ಸೇದದವರು ಸಿಗಾರ್ ಹಿಡಿಯಬೇಕಾದ ಕಾರಣವೇ ಇಲ್ಲ. ಈ ಬರಹ ಆಗಲೇ ಆ ನಿರ್ಧಾರ ಮಾಡಿರುವ ವಯಸ್ಕರಿಗೆ, ಅದರಲ್ಲೂ ಅಪರೂಪಕ್ಕೊಮ್ಮೆ ಸೇದಿ ಆ ಒಂದನ್ನು ಸರಿಯಾಗಿ ಆರಿಸಬಯಸುವವರಿಗೆ.

ಐದರ ಪರಿಚಯ

ಓಯೊ ದೆ ಮಾಂಟೆರೇ ಎಪಿಕ್ಯೂರ್ ನಂ. 2 ಐದರಲ್ಲಿ ಅತ್ಯಂತ ಸೌಮ್ಯ. ಹೋಸೆ ಹೆನೆರ್ 1865ರಲ್ಲಿ ಶುರುಮಾಡಿದ ಬ್ರ್ಯಾಂಡು ಇದು. ಹಬಾನೋಸ್ ಸಂಸ್ಥೆಯೇ ಇದನ್ನು ಹಗುರ ಬಗೆಗೆ ಸೇರಿಸುತ್ತದೆ. ಹಚ್ಚಿದ ಮೊದಲ ನಿಮಿಷಗಳಲ್ಲಿ ಸೀಡರ್ ಮರದ ಪರಿಮಳ, ಆಮೇಲೆ ಹಾಲು ಬೆರೆತ ಕಾಫಿ, ಬಾದಾಮಿ, ಕೆನೆಯಂಥ ನುಣುಪು. ಕಾಳುಮೆಣಸಿನ ಚುರುಕು ಬಹುತೇಕ ಇಲ್ಲ. ಇದನ್ನು ‘ಹೊಸಬರ ಸಿಗಾರ್’ ಎಂದು ಪಕ್ಕಕ್ಕೆ ಸರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಖಾರದ ಮರೆ ಇಲ್ಲದ ಕಾರಣ ಇದರಲ್ಲಿ ಪರಿಮಳದ ಸಣ್ಣ ಸಣ್ಣ ಎಳೆಗಳೂ ಬಿಡಿಬಿಡಿಯಾಗಿ ಸಿಗುತ್ತವೆ, ರುಚಿ ಗುರುತಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ. ಇದರ ಕೊರತೆ ಬೇರೆ ಕಡೆ ಇದೆ: ಅವಸರಪಟ್ಟು ಸೇದಿದರೆ ಬೇಗ ಬಿಸಿಯಾಗಿ ಇದ್ದ ನಯವೆಲ್ಲ ಹಾರಿಹೋಗುತ್ತದೆ. ಊಟದ ಮೇಲೆ ಗಟ್ಟಿ ಕಾಫಿ ಕುಡಿದು ಹಚ್ಚಿದರೆ ಇದು ನೀರಿನಂತೆ ಅನಿಸುವುದೂ ನಿಜ. ಬೆಳಗಿನ ಹೊತ್ತಿಗೆ, ಬಾಯಿ ಶುದ್ಧವಾಗಿದ್ದಾಗ ಹೊಂದುವ ಸಿಗಾರು.

ಪಾರ್ಟಗಾಸ್ ಸೆರಿಯೆ ಡಿ ನಂ. 4 ಇನ್ನೊಂದು ತುದಿ. ಹೈಮೆ ಪಾರ್ಟಗಾಸ್ 1845ರಲ್ಲಿ ಕಟ್ಟಿದ ಮನೆತನ, ಕ್ಯಾಪಿಟೋಲಿಯೊ ಭವನದ ಹಿಂಬದಿಯಲ್ಲಿ ಅದರ ಹಳೆಯ ಕಾರ್ಖಾನೆಯ ಕಟ್ಟಡ ಇಂದಿಗೂ ಹವಾನಾದ ಗುರುತು. ಕೆಂಪು ಕಾಗದದ ಪಟ್ಟಿ ಸುತ್ತಿದ ಈ ಸಿಗಾರು ಹಚ್ಚಿದೊಡನೆ ಕಾಳುಮೆಣಸು ಮೂಗಿಗೆ ಏರುತ್ತದೆ. ಹತ್ತು ನಿಮಿಷ ತಾಳಿಕೊಂಡರೆ ಅದು ತಗ್ಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಹದಮಾಡಿದ ಚರ್ಮ, ಹಾಲಿಲ್ಲದ ಕಡುಕಾಫಿ ಒಂದೊಂದಾಗಿ ಮೇಲೆ ಬರುತ್ತವೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಖಾರ ಮತ್ತೆ ಏರುತ್ತದೆ, ಈ ಬಾರಿ ಮೈಗೆ. ಬೇರೆ ಯಾವ ಕ್ಯೂಬಾ ಸಿಗಾರನ್ನು ವಿಮರ್ಶಿಸುವಾಗಲೂ ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಳತೆಗೋಲು ಇದು. ‘ಡಿ ನಂ. 4ಕ್ಕಿಂತ ಖಾರವೋ, ಮೃದುವೋ?’ ಎಂದು ಕೇಳಿಕೊಂಡರೆ ಅರ್ಧ ವಿಮರ್ಶೆ ಮುಗಿದಂತೆ. ತುಂಬ ಹೊಸದಾದ ಪೆಟ್ಟಿಗೆಯಲ್ಲಿ ಮಾತ್ರ ಇದರ ಅಂಚುಗಳು ಒರಟು. ಸುತ್ತಿ ಎರಡು ಮೂರು ವರ್ಷ ಕಳೆದ ಪೆಟ್ಟಿಗೆ ಸಿಕ್ಕರೆ ಬಿಡಬೇಡಿ.

ಸಮಯ ಕಡಿಮೆ ಇರುವವರಿಗೆ ಇದೇ ಮನೆತನದಲ್ಲಿ ಇನ್ನೊಂದು ಅನುಕೂಲ ಇದೆ. ದಪ್ಪ ಅದೇ 50, ಉದ್ದ 110 ಮಿಲಿಮೀಟರ್ ಆದರೆ ಡಿ ನಂ. 5, 90 ಮಿಲಿಮೀಟರ್ ಆದರೆ ಡಿ ನಂ. 6. ಡಿ ನಂ. 6 ಒಂದು ಸಣ್ಣ ವಿರಾಮಕ್ಕೆ ಸರಿ. ಆದರೆ ರುಚಿ ಹಂತ ಹಂತವಾಗಿ ಬದಲಾಗಲು ಅಲ್ಲಿ ಜಾಗವಿಲ್ಲ.

ರಮೋನ್ ಅಯೋನೆಸ್ ಸ್ಪೆಷಲಿ ಸೆಲೆಕ್ಟೆಡ್ ಬಗ್ಗೆ ಹೊರಗೆ ಮಾತು ಕಡಿಮೆ, ಬಲ್ಲವರ ನಡುವೆ ಮಾತು ಹೆಚ್ಚು. ಪೆಟ್ಟಿಗೆಗಳ ಮೇಲೆ ಬಣ್ಣಬಣ್ಣದ ಲಿಥೋಗ್ರಾಫ್ ಚಿತ್ರ ಅಂಟಿಸುವ ರೂಢಿಯನ್ನು ಆರಂಭಿಸಿದ ಕೀರ್ತಿಯನ್ನು ಈ ಹಳೆಯ ಬ್ರ್ಯಾಂಡಿಗೇ ಕೊಡುತ್ತಾರೆ. ಇಂದು ಆ ಹಳೆಯ ವೈಭವ ಇಲ್ಲ, ನಿಯಮಿತವಾಗಿ ಬರುವ ಅಳತೆಗಳೇ ಬೆರಳೆಣಿಕೆಯಷ್ಟು. ಆದರೆ ಈ ಒಂದು ರೊಬುಸ್ಟೊ ಸಾಕು. ಹೊರ ಎಲೆ ಬಹಳ ಸಲ ಗಾಢ ಕಂದು, ಎಣ್ಣೆ ಹಚ್ಚಿದಂಥ ಹೊಳಪು. ರುಚಿಯಲ್ಲಿ ಒಣದ್ರಾಕ್ಷಿ, ಅಂಜೂರ, ಕೋಕೋ, ಕೆಳಗೆ ಎಲ್ಲೋ ಸಣ್ಣಗೆ ಮಸಾಲೆ. ಹಬಾನೋಸ್ ಇದನ್ನೂ ಖಾರದ ಗುಂಪಿಗೇ ಸೇರಿಸಿದ್ದರೂ ಆ ಖಾರ ಪಾರ್ಟಗಾಸ್‌ನಂತೆ ಮುಂದೆ ಬಂದು ನಿಲ್ಲುವುದಿಲ್ಲ, ಸಿಹಿಯ ಹಿಂದೆ ಅಡಗಿರುತ್ತದೆ. ಮಿಶ್ರಣದ ಸಮತೋಲ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಕೈಗೆ ಕೊಡುವುದು ಇದನ್ನೇ. ಐದರಲ್ಲಿ ಒಂದೇ ಒಂದು ಪೆಟ್ಟಿಗೆ ಕೊಳ್ಳಬೇಕೆಂದರೆ ನನ್ನ ಆಯ್ಕೆಯೂ ಇದೇ, ಎರಡನೆಯ ಯೋಚನೆ ಇಲ್ಲದೆ.

ಬೊಲಿವಾರ್ ರಾಯಲ್ ಕೊರೋನಾಸ್‌ನ ಪಟ್ಟಿಯ ಮೇಲೆ ದಕ್ಷಿಣ ಅಮೆರಿಕದ ವಿಮೋಚನಾ ನಾಯಕ ಸಿಮೋನ್ ಬೊಲಿವಾರ್‌ನ ಮುಖ ಇದೆ. ಬ್ರ್ಯಾಂಡಿಗೆ ಕ್ಯೂಬಾದ ಅತಿ ಖಾರದವುಗಳಲ್ಲಿ ಒಂದು ಎಂಬ ಖ್ಯಾತಿ. ಈ ಅಳತೆಯಲ್ಲಿ ಮಾತ್ರ ಅದು ಸ್ವಲ್ಪ ಮೆತ್ತಗಾಗಿದೆ. ಕಪ್ಪು ಮಣ್ಣು, ಸಿಹಿ ಹಾಕದ ಕೋಕೋ, ನಡುವೆ ಅನಿರೀಕ್ಷಿತವಾದ ಕೆನೆಯ ಸ್ಪರ್ಶ. ಡಿ ನಂ. 4 ಇಷ್ಟಪಟ್ಟವರು ಇದನ್ನೂ ಇಷ್ಟಪಡುತ್ತಾರೆ. ವ್ಯತ್ಯಾಸ ಎಂದರೆ ಪಾರ್ಟಗಾಸ್‌ನಲ್ಲಿ ಮಸಾಲೆ ಮೇಲುಗೈ, ಬೊಲಿವಾರ್‌ನಲ್ಲಿ ಮಣ್ಣು. ಮಸಾಲೆ ಮೂಗಿಗೆ ಚುಚ್ಚುವುದು ಬೇಡ, ಗಾಢತೆ ಮಾತ್ರ ಬೇಕು ಅನ್ನುವವರಿಗೆ ರಾಯಲ್ ಕೊರೋನಾಸ್.

ಇನ್ನು ಕೊಹಿಬಾ. 1966ರಲ್ಲಿ ಹುಟ್ಟಿ, ಮೊದಲು ಕ್ಯೂಬಾ ಸರ್ಕಾರ ಅತಿಥಿಗಳಿಗೆ, ರಾಜತಾಂತ್ರಿಕರಿಗೆ ಕೊಡುವ ಉಡುಗೊರೆಯಾಗಿದ್ದು, 1982ರಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದ ಬ್ರ್ಯಾಂಡು. ರೊಬುಸ್ಟೋಸ್ ಅಳತೆ ಸೇರಿದ್ದು 1989ರಲ್ಲಿ. ಹವಾನಾದ ಪಶ್ಚಿಮದಲ್ಲಿರುವ ಎಲ್ ಲಗೀತೊ ಎಂಬ ಹಳೆಯ ಬಂಗಲೆ ಇದರ ತವರು. ಇದರ ಮಿಶ್ರಣವನ್ನು ಬೇರೆಯಾಗಿಸುವ ಕೆಲಸ ಒಂದಿದೆ: ಉಳಿದ ಬ್ರ್ಯಾಂಡುಗಳ ಎಲೆ ಎರಡು ಸಲ ಹುದುಗಿದರೆ ಕೊಹಿಬಾದ ಸೆಕೊ ಮತ್ತು ಲಿಹೆರೊ ಎಲೆಗಳು ಪೀಪಾಯಿಗಳಲ್ಲಿ ಮೂರನೆಯ ಸಲ ಹುದುಗುತ್ತವೆ. ಅದರಿಂದ ಒಗರು ಕಳೆದು ಹೊಗೆ ನುಣ್ಣಗಾಗುತ್ತದೆ. ರುಚಿಯಲ್ಲಿ ಹೊಸ ಹುಲ್ಲು, ಜೇನು, ಹುರಿದ ಕಾಫಿಬೀಜ. ಹುಲ್ಲಿನ ಆ ಪರಿಮಳ ಕೊಹಿಬಾದ ಸಹಿ, ಪಟ್ಟಿ ತೆಗೆದು ಕೊಟ್ಟರೂ ಒಮ್ಮೆ ತಿಳಿದವರು ಗುರುತು ಹಿಡಿಯುತ್ತಾರೆ. ಖಾರ ಮಧ್ಯಮದಿಂದ ಸ್ವಲ್ಪ ಮೇಲೆ. ಸುತ್ತುವ ಕೆಲಸವೂ ಸಾಮಾನ್ಯವಾಗಿ ಒಪ್ಪವಾಗಿರುತ್ತದೆ.

ಹಾಗಾದರೆ ಕೊಹಿಬಾ ತಾನೇ ಉತ್ತರ? ರುಚಿಯ ಮಟ್ಟಿಗೆ ನನಗೆ ಇದರ ಮೇಲೆ ಯಾವ ತಕರಾರೂ ಇಲ್ಲ. ಬೆಲೆಯ ಮಟ್ಟಿಗೆ ಇದೆ. 2022ರಲ್ಲಿ ಹಬಾನೋಸ್ ಸಂಸ್ಥೆ ಕೊಹಿಬಾ ಮತ್ತು ತ್ರಿನಿದಾದ್ ಬ್ರ್ಯಾಂಡುಗಳ ಬೆಲೆಯನ್ನು ಜಗತ್ತಿನಾದ್ಯಂತ ಒಂದೇ ಎತ್ತರಕ್ಕೆ ಏರಿಸಿತು, ಅದಕ್ಕೆ ಹಾಂಗ್‌ಕಾಂಗ್ ಮಾರುಕಟ್ಟೆಯ ದರವನ್ನೇ ಮಾದರಿಯಾಗಿ ಇಟ್ಟುಕೊಂಡಿತು. ಅದಾದ ಮೇಲೆ ಒಂದು ಕೊಹಿಬಾದ ದುಡ್ಡಿಗೆ ಬೇರೆ ಬ್ರ್ಯಾಂಡಿನ ಹಲವು ರೊಬುಸ್ಟೊ ಬರುವಂತಾಯಿತು. ಮೂರನೆಯ ಹುದುಗುವಿಕೆಯ ನುಣುಪಿಗೆ ಬೆಲೆ ಇದೆ, ಅಷ್ಟೊಂದು ಇಲ್ಲ. ಒಂದು ಬಿಡಿ ಕೊಹಿಬಾ ಕೊಂಡು, ಸಾವಕಾಶವಾಗಿ ಸವಿದು, ಆ ರುಚಿ ತಲೆಯಲ್ಲಿ ಕೂತ ಮೇಲೆ ಪೆಟ್ಟಿಗೆಗೆ ದುಡ್ಡು ಹಾಕುವುದೋ ಬಿಡುವುದೋ ಎಂದು ಯೋಚಿಸಿ. ಹೆಸರಿಗಾಗಿ ಪೆಟ್ಟಿಗೆ ಕೊಳ್ಳುವುದು ಬೇಡ.

ಹೋಲಿಸಿ ಸವಿಯುವ ಕ್ರಮ

ಐದನ್ನೂ ಒಂದೇ ದಿನ ಸೇದುವ ಯೋಚನೆಯೇ ಬೇಡ. ಎರಡನೆಯದರ ಹೊತ್ತಿಗೆ ನಾಲಿಗೆ ದಣಿದಿರುತ್ತದೆ, ಮೂರನೆಯದರ ಹೊತ್ತಿಗೆ ಮೈ ಬೇಡ ಅನ್ನುತ್ತದೆ. ಬೇರೆ ಬೇರೆ ದಿನ, ದಿನದ ಒಂದೇ ಹೊತ್ತಿಗೆ, ಹಗುರವಾಗಿ ಏನಾದರೂ ತಿಂದು ಕೂತುಕೊಳ್ಳಿ. ಖಾಲಿ ಹೊಟ್ಟೆಗೆ ಖಾರದ ಸಿಗಾರು ತಲೆ ಸುತ್ತಿಸುತ್ತದೆ, ಹಾಗಾದರೆ ಸಿಗಾರ್ ಕೆಳಗಿಟ್ಟು ಸಿಹಿಯಾದದ್ದು ಏನಾದರೂ ಬಾಯಿಗೆ ಹಾಕಿಕೊಳ್ಳಿ. ಕುಡಿಯಲು ನೀರು ಮಾತ್ರ. ಕ್ಯೂಬಾದಲ್ಲಿ ಸಿಗಾರಿಗೆ ಜೊತೆಯಾಗಿ ರಮ್ಮು, ಸಿಹಿ ಹಾಕಿದ ಕಡುಕಾಫಿ ಬರುವುದು ರೂಢಿ, ಅದು ಸೊಗಸಾದ ಜೋಡಿಯೂ ಹೌದು. ಆದರೆ ಹೋಲಿಕೆಯ ದಿನ ಅವು ಎಲೆಯ ರುಚಿಯನ್ನು ಮುಚ್ಚುತ್ತವೆ.

ಪಟ್ಟಿ ಕಾಣದಂತೆ ಸೇದುವುದು ಎಲ್ಲಕ್ಕಿಂತ ಮುಖ್ಯ. ಬೇರೊಬ್ಬರು ಪಟ್ಟಿ ತೆಗೆದು, ಸಂಖ್ಯೆ ಬರೆದ ಚೀಟಿಯ ಜೊತೆ ಕೊಡಲಿ. ಪಟ್ಟಿಯನ್ನು ಜಾರಿಸಿ ಎಳೆಯಬಾರದು, ಹೊರ ಎಲೆ ಹರಿಯುತ್ತದೆ. ಕತ್ತರಿಯ ತುದಿಯಿಂದ ಜೋಡಣೆಯ ಕಡೆ ಮೆಲ್ಲಗೆ ಬಿಡಿಸಬೇಕು. ಕೊಹಿಬಾದ ಪಟ್ಟಿ ಕಂಡರೆ ಬಾಯಿಗೆ ಮೊದಲೇ ಜೇನು ಸಿಗುತ್ತದೆ, ಹೆಸರು ಕೇಳದ ಪಟ್ಟಿ ಕಂಡರೆ ಇದ್ದ ಜೇನೂ ಸಿಗುವುದಿಲ್ಲ. ಮನಸ್ಸಿನ ಈ ಆಟ ಎಂಥ ಅನುಭವಿಯನ್ನೂ ಬಿಡುವುದಿಲ್ಲ.

ಹಚ್ಚುವ ಮುಂಚೆ ಕೈಯಲ್ಲಿ ಹಿಡಿದು ತಲೆಯಿಂದ, ಅಂದರೆ ಬಾಯಿಗಿಡುವ ತುದಿಯಿಂದ, ಹಚ್ಚುವ ತುದಿಯಾದ ಬುಡದವರೆಗೆ ಬೆರಳಾಡಿಸಿ. ಒಂದು ಕಡೆ ಕಲ್ಲಿನಂತೆ ಗಟ್ಟಿ, ಇನ್ನೊಂದು ಕಡೆ ಟೊಳ್ಳು ಇದ್ದರೆ ಉರಿಯಲ್ಲಿ ತೊಂದರೆ ಕಾದಿದೆ. ತಲೆಯ ಮುಚ್ಚಳವನ್ನು ಭುಜದ ತಿರುವಿಗಿಂತ ಮೇಲೆ, ಸುಮಾರು ಎರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಹಚ್ಚದೆಯೇ ಒಮ್ಮೆ ಎಳೆದು ನೋಡಿ. ಗಾಳಿ ಸಣ್ಣ ತಡೆಯೊಂದಿಗೆ ಬರಬೇಕು. ಏನೂ ಬಾರದಿದ್ದರೆ ಒಳಗೆ ಎಲೆ ಗಂಟುಬಿದ್ದಿದೆ. ಕ್ಯೂಬಾದ ಸಿಗಾರಿನ ಬಗ್ಗೆ ಅತಿ ಹಳೆಯ ದೂರು ಇದೇ. ಕಾರ್ಖಾನೆಗಳಲ್ಲಿ ಎಳೆತ ಪರೀಕ್ಷಿಸುವ ಯಂತ್ರ ಬಂದ ಮೇಲೆ ಅದು ಕಡಿಮೆಯಾಗಿದೆ, ನಿಂತಿಲ್ಲ. ಅಂಥದ್ದು ಸಿಕ್ಕರೆ ಆ ಸಿಗಾರಿನಿಂದ ಬ್ರ್ಯಾಂಡಿನ ರುಚಿ ಅಳೆಯಬೇಡಿ. ಗುರುತು ಹಾಕಿಕೊಂಡು ಅದೇ ಪೆಟ್ಟಿಗೆಯ ಇನ್ನೊಂದನ್ನು ತೆಗೆದುಕೊಳ್ಳಿ.

ಹಚ್ಚಲು ಬ್ಯೂಟೇನ್ ಲೈಟರ್ ಅಥವಾ ಪೆಟ್ಟಿಗೆಯಲ್ಲೇ ಬರುವ ಸೀಡರ್ ಮರದ ತೆಳುಪಟ್ಟಿ ಒಳ್ಳೆಯದು. ಪೆಟ್ರೋಲ್ ಲೈಟರಿನ ವಾಸನೆ ಎಲೆಗೆ ಹತ್ತುತ್ತದೆ. ಬೆಂಕಿಯನ್ನು ತಾಗಿಸದೆ, ಬುಡವನ್ನು ಮೇಲೆ ಹಿಡಿದು ತಿರುಗಿಸುತ್ತ ಅಂಚು ಸಮನಾಗಿ ಕೆಂಪಾಗುವವರೆಗೆ ಕಾಯಿಸಿ, ಆಮೇಲೆ ಎಳೆಯಿರಿ. ನಿಮಿಷಕ್ಕೆ ಒಂದು ಎಳೆತ ಸಾಕು. ಆಗಾಗ ಸ್ವಲ್ಪ ಹೊಗೆಯನ್ನು ಗಂಟಲಿಗೆ ಇಳಿಸದೆ ಮೂಗಿನಿಂದ ಹೊರಬಿಟ್ಟರೆ, ನಾಲಿಗೆಗೆ ಸಿಗದ ಮೆಣಸು, ಸೀಡರ್, ಹೂವಿನ ಪರಿಮಳಗಳು ಸಿಗುತ್ತವೆ. ಪಾರ್ಟಗಾಸ್‌ನ ಮೊದಲ ನಿಮಿಷಗಳಲ್ಲಿ ಮಾತ್ರ ಈ ಪ್ರಯೋಗ ಬೇಡ, ಕಣ್ಣಲ್ಲಿ ನೀರು ಬರುತ್ತದೆ.

ಟಿಪ್ಪಣಿಯನ್ನು ಮೂರು ಪಾಲಾಗಿ ಬರೆಯುವುದು ರೂಢಿ, ಅದಕ್ಕೆ ಕಾರಣವೂ ಇದೆ. ಮೊದಲ ಪಾಲಿನಲ್ಲಿ ಸಿಗಾರು ಇನ್ನೂ ಹೊಂದಿಕೊಳ್ಳುತ್ತಿರುತ್ತದೆ. ಎರಡನೆಯ ಪಾಲಿನಲ್ಲಿ ಮಿಶ್ರಣದ ನಿಜವಾದ ಗುಣ ಕಾಣುತ್ತದೆ, ತೀರ್ಪಿಗೆ ಅದೇ ಆಧಾರವಾಗಬೇಕು. ಕೊನೆಯ ಪಾಲಿನಲ್ಲಿ ಹಿಂದಿನ ಹೊಗೆಯ ಅಂಟು, ನಿಕೋಟಿನ್ ಎಲ್ಲ ತಲೆಯ ಕಡೆ ಸೇರಿಕೊಂಡು ರುಚಿ ದಟ್ಟವಾಗುತ್ತದೆ, ಕೆಲವೊಮ್ಮೆ ಕಹಿಯಾಗುತ್ತದೆ. ಕಹಿ ಬಂದರೆ ನಿಲ್ಲಿಸುವುದೇ ಸರಿ, ಬೆರಳು ಸುಡುವ ತನಕ ಸೇದಿದರೆ ಮರ್ಯಾದೆ ಎಂಬ ನಿಯಮ ಎಲ್ಲೂ ಇಲ್ಲ. ಬರೆಯುವಾಗ ನಿಮಗೆ ನಿಜಕ್ಕೂ ಸಿಕ್ಕಿದ್ದನ್ನಷ್ಟೇ ಬರೆಯಿರಿ. ‘ಚರ್ಮ, ಟ್ರಫಲ್, ಕಿತ್ತಳೆ ಸಿಪ್ಪೆ’ ಎಂದು ಬೇರೆಯವರು ಬರೆದ ಪಟ್ಟಿಯನ್ನು ಓದಿಕೊಂಡು ಕೂತರೆ ಅದೇ ಸಿಗುತ್ತದೆ. ‘ಸಿಹಿ ಇತ್ತು, ಮಧ್ಯದಲ್ಲಿ ಹೋಯಿತು, ಕೊನೆಗೆ ಕಾಫಿ’ ಎಂಬ ಮೂರು ಮಾತು ಅದಕ್ಕಿಂತ ಬೆಲೆಯುಳ್ಳ ವಿಮರ್ಶೆ.

ಅಂಕಗಳ ವಿಷಯ. 1992ರಲ್ಲಿ ಆರಂಭವಾದ ಸಿಗಾರ್ ಅಫಿಸಿಯೊನಾಡೊ ಎಂಬ ಅಮೆರಿಕದ ಪತ್ರಿಕೆ 100 ಅಂಕಗಳ ಲೆಕ್ಕವನ್ನು ಜನಪ್ರಿಯಗೊಳಿಸಿತು. ಅಲ್ಲಿ ಪಟ್ಟಿ ಕಾಣದಂತೆ ಸವಿದು, ರೂಪ ಮತ್ತು ಕಟ್ಟಣೆ, ರುಚಿ, ಉರಿಯುವ ಬಗೆ, ಒಟ್ಟು ಅನಿಸಿಕೆ ಎಂದು ವಿಂಗಡಿಸಿ ಅಂಕ ಹಾಕುತ್ತಾರೆ. ಕ್ರಮ ಒಳ್ಳೆಯದು. ಆದರೆ ಕೈಯಲ್ಲಿ ಸುತ್ತಿದ ವಸ್ತುವಿಗೆ 89 ಮತ್ತು 91ರ ನಡುವಿನ ಅಂತರದಲ್ಲಿ ಹೆಚ್ಚು ಅರ್ಥವಿಲ್ಲ, ಒಂದೇ ಪೆಟ್ಟಿಗೆಯ ಎರಡು ಸಿಗಾರುಗಳ ನಡುವೆಯೇ ಅಷ್ಟು ವ್ಯತ್ಯಾಸ ಇರುತ್ತದೆ. ಒಂದು ಬ್ರ್ಯಾಂಡಿನ ಬಗ್ಗೆ ಕಡೇಪಕ್ಷ ಮೂರು ಸೇದದೆ ತೀರ್ಪು ಕೊಡಬಾರದು.

ರೊಬುಸ್ಟೊ ಬಿಟ್ಟು ಆಚೆ

ಐದರಲ್ಲಿ ನಿಮ್ಮ ಬ್ರ್ಯಾಂಡು ಗೊತ್ತಾದ ಮೇಲೆ ಅದೇ ಬ್ರ್ಯಾಂಡಿನ ಬೇರೆ ಅಳತೆಗೆ ಹೋಗಬಹುದು. ತೆಳ್ಳಗಿನ ಸಿಗಾರಿನಲ್ಲಿ ಒಳಗಿನ ಎಲೆಗೆ ಹೋಲಿಸಿದರೆ ಹೊರ ಎಲೆಯ ಪಾಲು ಹೆಚ್ಚು, ಹಾಗಾಗಿ ಹೊರ ಎಲೆಯ ಪರಿಮಳ ಮುಂದೆ ಬರುತ್ತದೆ. ದಪ್ಪಗಿನದು ತಂಪಾಗಿ ಉರಿಯುತ್ತದೆ, ಲಿಹೆರೊಗೆ ಅಲ್ಲಿ ಜಾಗ ಹೆಚ್ಚು. ಕೊಹಿಬಾ ಲಾನ್ಸೆರೋಸ್ 192 ಮಿಲಿಮೀಟರ್ ಉದ್ದ, ಗೇಜ್ ಬರೇ 38. ಅದನ್ನು ಸುತ್ತುವುದು ಕಷ್ಟ, ಸೇದುವುದಕ್ಕೂ ತಾಳ್ಮೆ ಬೇಕು. ಸರಿಯಾಗಿ ಸಿಕ್ಕರೆ ರೊಬುಸ್ಟೋಸ್‌ನಲ್ಲಿ ಇಲ್ಲದ ನಾಜೂಕು ಅದರಲ್ಲಿದೆ.

1935ರಿಂದ ಇರುವ ಮಾಂಟೆಕ್ರಿಸ್ಟೊವನ್ನು ಈ ಹೋಲಿಕೆಯಿಂದ ಹೊರಗಿಟ್ಟಿದ್ದಕ್ಕೆ ಕಾರಣ, ಅದರ ಹಿರಿಮೆ ಇರುವುದು ಬೇರೆ ಅಳತೆಗಳಲ್ಲಿ. ನಂ. 4 ಗಿಡ್ಡ ಮತ್ತು ಸಣ್ಣ, 129 ಮಿಲಿಮೀಟರ್, ಗೇಜ್ 42, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಕ್ಯೂಬಾ ಸಿಗಾರುಗಳ ಸಾಲಿನದು. ನಂ. 2 ಮೊನಚು ತಲೆಯ ಪಿರಾಮಿಡೆ, 156 ಮಿಲಿಮೀಟರ್, ಗೇಜ್ 52. ಎರಡರ ನಡುವೆ ಆಯ್ಕೆ ಸುಲಭ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಇದ್ದರೆ ನಂ. 4. ಸಂಜೆಯೇ ಕೈಯಲ್ಲಿದ್ದರೆ ನಂ. 2. ನಂ. 2ರ ಮೊನಚನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಎಳೆತವನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು, ಆ ಅನುಕೂಲ ರೊಬುಸ್ಟೊದಲ್ಲಿ ಇಲ್ಲ. ಚರ್ಚಿಲ್ ಎಂಬ ಉದ್ದನೆಯ ಅಳತೆ ಬೇಕಾದವರಿಗೆ ರೋಮಿಯೊ ಇ ಹುಲಿಯೆಟಾ ಇದೆ, 178 ಮಿಲಿಮೀಟರ್, ಗೇಜ್ 47, ಮಧ್ಯಮ ಖಾರ.

2000ರಿಂದ ಬರುತ್ತಿರುವ ಎದಿಸಿಯೋನ್ ಲಿಮಿತಾದಾ ಎಂಬ ಸೀಮಿತ ಆವೃತ್ತಿಗಳು, ಪ್ರಾದೇಶಿಕ ಆವೃತ್ತಿಗಳು, ಹೆಚ್ಚು ಕಾಲ ಮಾಗಿಸಿದ ಎಲೆಯ ರೆಸೆರ್ವಾ, ಗ್ರಾನ್ ರೆಸೆರ್ವಾಗಳೆಲ್ಲ ಸಂಗ್ರಹಕಾರರ ಲೋಕ. ಮೂಲ ಬ್ರ್ಯಾಂಡಿನ ರುಚಿಯೇ ಗೊತ್ತಿಲ್ಲದೆ ಅದರ ವಿಶೇಷ ಆವೃತ್ತಿಗೆ ದುಡ್ಡು ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಅಸಲಿಯೋ ನಕಲಿಯೋ

ಹೆಸರು ನೋಡಿ ಕೊಂಡರೆ ಸಾಲದು. 1962ರ ಅಮೆರಿಕದ ನಿರ್ಬಂಧದ ನಂತರ ಅದೇ ಹೆಸರುಗಳು ಅಮೆರಿಕದ ಮಾರುಕಟ್ಟೆಯಲ್ಲಿ ಬೇರೆ ಕಂಪನಿಗಳ ಕೈಯಲ್ಲಿವೆ. ಅಲ್ಲಿ ಕಾಣುವ ಕೊಹಿಬಾ, ಪಾರ್ಟಗಾಸ್, ಮಾಂಟೆಕ್ರಿಸ್ಟೊ ಕ್ಯೂಬಾದವಲ್ಲ. ಅವು ನಕಲಿಯೂ ಅಲ್ಲ, ಬೇರೆ ಸಿಗಾರು, ಬೇರೆ ಎಲೆ. ಹೋಲಿಕೆಯಲ್ಲಿ ಅವನ್ನು ಬೆರೆಸಬೇಡಿ.

ಕ್ಯೂಬಾದ ಪೆಟ್ಟಿಗೆಯ ತಳದಲ್ಲಿ ಕಾಯಿಸಿ ಒತ್ತಿದ ಬರಹ ಇರುತ್ತದೆ: ಹಬಾನೋಸ್ ಎಸ್.ಎ., ಹೆಚೊ ಎನ್ ಕೂಬಾ, ತೊತಾಲ್‌ಮೆಂತೆ ಎ ಮಾನೊ. ಮೊದಲನೆಯದು ಸಂಸ್ಥೆ, ಎರಡನೆಯದು ಕ್ಯೂಬಾದಲ್ಲಿ ತಯಾರಾದದ್ದು, ಮೂರನೆಯದು ಪೂರ್ತಿ ಕೈಕೆಲಸ ಎಂಬುದಕ್ಕೆ. ಅಲ್ಲೇ ಮಸಿಯಲ್ಲಿ ಕಾರ್ಖಾನೆಯ ಸಂಕೇತಾಕ್ಷರಗಳೂ ಪೆಟ್ಟಿಗೆ ತುಂಬಿದ ತಿಂಗಳು, ವರ್ಷವೂ ಇರುತ್ತವೆ. ತಿಂಗಳು ಸ್ಪ್ಯಾನಿಷ್‌ನ ಚುಟುಕು ರೂಪದಲ್ಲಿ, ಎನೆ ಅಂದರೆ ಜನವರಿ, ಅಗೊ ಅಂದರೆ ಆಗಸ್ಟ್, ದಿಕ್ ಅಂದರೆ ಡಿಸೆಂಬರ್. ಈ ದಿನಾಂಕವನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳದ ವಿಮರ್ಶೆ ಅರ್ಧ ವಿಮರ್ಶೆ. ಆರು ತಿಂಗಳ ಡಿ ನಂ. 4 ಮತ್ತು ಐದು ವರ್ಷದ ಡಿ ನಂ. 4 ಒಂದೇ ಸಿಗಾರಲ್ಲ. ಹಸಿರು ಖಾತರಿ ಮುದ್ರೆಯ ಮೇಲೆ ಹೊಲೊಗ್ರಾಂ, ಬಾರ್‌ಕೋಡ್ ಇವೆ, ಆ ಸಂಖ್ಯೆಯನ್ನು ಹಬಾನೋಸ್ ಜಾಲತಾಣದಲ್ಲಿ ಪರಿಶೀಲಿಸಬಹುದು.

ಹವಾನಾದ ಬೀದಿಯಲ್ಲಿ ‘ನನ್ನ ಅಣ್ಣ ಕಾರ್ಖಾನೆಯಲ್ಲಿದ್ದಾನೆ’ ಎನ್ನುತ್ತ ಅಗ್ಗಕ್ಕೆ ಕೊಹಿಬಾ ತೋರಿಸುವವರಿಂದ ಕೊಳ್ಳಬೇಡಿ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಕಂಡರಂತೂ ಯೋಚಿಸುವುದೇ ಬೇಡ, ಅಂಥದ್ದನ್ನು ಕಾರ್ಖಾನೆ ಎಂದೂ ಮಾಡಿಲ್ಲ. ಲಾ ಕಾಸಾ ದೆಲ್ ಹಬಾನೊ ಎಂಬ ಅಧಿಕೃತ ಮಳಿಗೆಗಳಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ. ಕ್ಯೂಬಾದಿಂದ ಹೊರಡುವಾಗ ಬಿಡಿಯಾಗಿ 20 ಸಿಗಾರುಗಳವರೆಗೆ ಕಾಗದ ಕೇಳುವುದಿಲ್ಲ. ಮುಚ್ಚಿದ ಮೂಲ ಪೆಟ್ಟಿಗೆಯಲ್ಲಿ, ಹೊಲೊಗ್ರಾಂ ಸಮೇತ ಇದ್ದರೆ 50ರವರೆಗೆ. ಅದಕ್ಕೆ ಮೇಲ್ಪಟ್ಟರೆ ಅಧಿಕೃತ ಮಳಿಗೆಯ ರಸೀದಿ ತೋರಿಸಬೇಕು.

ತಂದ ಮೇಲೆ

ಪ್ರಯಾಣ ಮಾಡಿ ಬಂದ ಸಿಗಾರನ್ನು ಅಂದೇ ಹಚ್ಚಬೇಡಿ, ಕೆಲವು ವಾರ ಹ್ಯೂಮಿಡರಿನಲ್ಲಿ, ಅಂದರೆ ತೇವಾಂಶ ಹದವಾಗಿಡುವ ಪೆಟ್ಟಿಗೆಯಲ್ಲಿ ಮಲಗಲಿ. ತೇವಾಂಶ ಶೇ 65ರ ಆಸುಪಾಸು, ಉಷ್ಣತೆ 18 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದರೆ ಕ್ಯೂಬಾದ ಎಲೆಗೆ ಹಿತ. ತೇವ ಶೇ 70 ದಾಟಿದರೆ ಎಳೆತ ಬಿಗಿಯಾಗುತ್ತದೆ, ಬೂಷ್ಟಿನ ಭಯ. ಶಾಖ ಏರಿದರೆ ತಂಬಾಕಿನ ಹುಳುವಿನ ಮೊಟ್ಟೆ ಒಡೆದು, ಸೂಜಿ ಚುಚ್ಚಿದಂಥ ತೂತುಗಳು ಕಾಣಿಸಿಕೊಳ್ಳುತ್ತವೆ. ಹಚ್ಚಿದಾಗ ಅಮೋನಿಯಾದ ಘಾಟು ಬಂದರೆ ಎಲೆ ಇನ್ನೂ ಹಸಿ, ಅದನ್ನು ಕೆಟ್ಟ ಸಿಗಾರೆಂದು ಬರೆಯದೆ ಆ ಪೆಟ್ಟಿಗೆಯನ್ನು ಆರು ತಿಂಗಳು ಮುಚ್ಚಿಡಿ. ಐದೂ ಮನೆಗೆ ಬಂದಿದ್ದರೆ ಮೊದಲು ಖರ್ಚು ಮಾಡಬೇಕಾದ್ದು ಓಯೊ, ಅದರ ಸೌಮ್ಯ ಪರಿಮಳ ವರ್ಷಗಳು ಕಳೆದಂತೆ ಮಸುಕಾಗುತ್ತದೆ. ಪಾರ್ಟಗಾಸ್ ಮತ್ತು ಬೊಲಿವಾರ್ ಕಾಯಬಲ್ಲವು, ಕಾದಷ್ಟೂ ಅವುಗಳ ಒರಟು ಕಳೆಯುತ್ತದೆ.